ಐದನೆಯ ಹೆಸರಿನ ಮುಂದೆ ಬರೆದದ್ದು

ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ನೀಲಿ ರಟ್ಟಿನದು, ಕಾಲೇಜಿನ ಹುಡುಗರು ಬಳಸುವಂಥದ್ದು. ಮೊದಲ ಹನ್ನೊಂದು ಪುಟಗಳಲ್ಲಿ ನಾವು ಐದು ಜನ ಸೇರಿ ಮಾಡಿದ ಸಮುದ್ರ ಪ್ರವಾಸದ ಯೋಜನೆ ಇದೆ. ಉಳಿದ ಪುಟಗಳು ಖಾಲಿ. ಮೂರನೆಯ ಪುಟದಲ್ಲಿ ಐದು ಹೆಸರುಗಳಿವೆ. ಪ್ರತಿ ಹೆಸರಿನ ಮುಂದೆ ಒಂದು ಗೆರೆ, ಗೆರೆಯ ಆಚೆ ‘ಈಜು ಬರುತ್ತದೆ’ ಎಂಬ ಎರಡು ಶಬ್ದ. ಅಕ್ಷರ ನನ್ನದೇ. ಐದನೆಯ ಹೆಸರು ನನ್ನ ತಮ್ಮನದು.

ಕೊಪ್ಪಳ ಜಿಲ್ಲೆಯಾದ ವರ್ಷ ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದೆ. ಡೈರಿ ಬರೆಯುವ ಚಟ ಅಲ್ಲಿ ಹತ್ತಿತು. ನೆನಪನ್ನು ಅನುಮಾನಿಸಿ, ದಾಖಲೆಯನ್ನು ಹುಡುಕಿ ಎಂದು ನಮಗೆ ಕಲಿಸಿದ್ದರು. ದಾಖಲೆ ಬರೆದವನೂ ನೆನಪಿಟ್ಟುಕೊಂಡವನೂ ಒಬ್ಬನೇ ಆಗಿದ್ದರೆ ಯಾವುದನ್ನು ನಂಬಬೇಕು ಎಂದು ಮಾತ್ರ ಕಲಿಸಿರಲಿಲ್ಲ. ಆದ್ದರಿಂದ ಇಲ್ಲಿ ಡೈರಿಯಲ್ಲಿರುವುದನ್ನು ಡೈರಿಯಲ್ಲಿದೆ ಎಂದೇ ಹೇಳುತ್ತೇನೆ, ನೆನಪಿರುವುದನ್ನು ನೆನಪು ಎಂದೇ.

ಅದಾಗಿ ಹದಿನೇಳು ಹದಿನೆಂಟು ವರ್ಷಗಳ ನಂತರ, ನಾನು ಕೊಪ್ಪಳದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಾಗ, ಇದೆಲ್ಲ ಶುರುವಾಯಿತು. ನಮ್ಮ ಓಣಿಯಲ್ಲೇ ಮನೆ ಮಾಡಿಕೊಂಡಿದ್ದ ಹೈಸ್ಕೂಲಿನ ಪಿ.ಟಿ. ಮಾಸ್ತರರು ಕರಾವಳಿಯ ಒಂದು ಸಾಹಸ ಶಿಬಿರಕ್ಕೆ ಹೋಗಿ ಹತ್ತು ದಿನ ಇದ್ದು ಬಂದರು. ಬರುವಾಗ ಮೂಗಿನ ಮೇಲಿನ ಚರ್ಮ ಸುಲಿದಿತ್ತು. ಜೊತೆಗೆ ಶಿಬಿರದವರು ಬೇಡವೆಂದು ಬಿಟ್ಟಿದ್ದ ಎರಡು ಹಳೆಯ ಕಯಾಕುಗಳನ್ನು ಲಾರಿಯೊಂದರಲ್ಲಿ ಹಾಕಿಸಿಕೊಂಡು ಬಂದಿದ್ದರು. ಉದ್ದಕ್ಕೆ, ಸಪೂರಾಗಿ, ಎರಡೂ ತುದಿ ಚೂಪಾಗಿರುವ ಪ್ಲಾಸ್ಟಿಕ್ ದೋಣಿ ಅದು. ಕಾಲು ಚಾಚಿ ಕುಳಿತು, ಎರಡು ಕಡೆಗೂ ಹಲಗೆಯಿರುವ ಹುಟ್ಟಿನಿಂದ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನೀರನ್ನು ಹಿಂದಕ್ಕೆ ತಳ್ಳಬೇಕು.

ಮಾಸ್ತರರ ಗೆಳೆಯನೊಬ್ಬ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್. ಆನೆಗೊಂದಿಯ ಹೊಳೆಯಲ್ಲಿ ದುಂಡನೆಯ ಹರಿಗೋಲು ನೋಡುತ್ತ ಬೆಳೆದವನು. ಅವನು ಕಯಾಕನ್ನು ಸುತ್ತು ಹಾಕಿ ನೋಡಿ, “ಇದೇನ್ರಿ ಮಾಸ್ತರ, ಹೀರಿಕಾಯಿ ಸೀಳಿ ನೀರಿಗೆ ಬಿಟ್ಟಂಗೈತಿ. ಇದರಾಗ ಕುಂತ್ರ ಮನಷ್ಯಾ ಅದರ ಬೀಜ ಆಗ್ತಾನ,” ಅಂದ.

“ನೀ ಕುಂತ ನೋಡು ಮೊದಲ.”

“ಕುಂದ್ರತೀನ್ರಿ. ನಂದ ಇನ್ನೂ ಲಗ್ನ ಆಗಿಲ್ಲ, ಅದಕ್ಕ ಹೇಳಿದೆ.”

ಪ್ರತಿ ರವಿವಾರ ಬೆಳಿಗ್ಗೆ ಡ್ಯಾಮಿನ ಹಿನ್ನೀರಿಗೆ ಹೋಗುವುದು ರೂಢಿಯಾಯಿತು. ಕುಷ್ಟಗಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಮಾಸ್ತರರ ಅಕ್ಕನೂ ಬರತೊಡಗಿದರು. ನಾವೆಲ್ಲ ಅವರನ್ನು ನರ್ಸಕ್ಕ ಎನ್ನುತ್ತಿದ್ದೆವು. ದೋಣಿಗಳನ್ನು ಹೊತ್ತೊಯ್ಯಲು ಗಾಡಿ ಬೇಕಿತ್ತು. ನನ್ನ ತಮ್ಮ ಬೇವೂರಿನ ನಮ್ಮ ಹೊಲ ನೋಡಿಕೊಳ್ಳುತ್ತಿದ್ದ. ಅವನ ಹತ್ತಿರ ಸಣ್ಣದೊಂದು ಗೂಡ್ಸ್ ಗಾಡಿಯಿತ್ತು. ಅವನು ಮೊದಲು ಬಂದದ್ದು ಡ್ರೈವರನಾಗಿ. ದಂಡೆಯ ಮೇಲೆ ಟಾವೆಲ್ ಹಾಸಿಕೊಂಡು ಕುಳಿತು, ನಾವು ಮಗುಚಿ ಬಿದ್ದಾಗಲೆಲ್ಲ ಚಪ್ಪಾಳೆ ಹೊಡೆಯುತ್ತಿದ್ದ. ಮೂರನೆಯ ವಾರ ತಾನೂ ಕುಳಿತ. ನಮ್ಮೆಲ್ಲರಿಗಿಂತ ಚೆಂದ ಹುಟ್ಟು ಹಾಕಿದ. ಹೊಲದಲ್ಲಿ ದುಡಿದ ಭುಜ ಅವನದು.

ಹಿನ್ನೀರಿನ ಒಂದು ಭಾಗ ಮಾತ್ರ ನನಗೆ ಸೇರುತ್ತಿರಲಿಲ್ಲ. ಅಲ್ಲಿ ಡ್ಯಾಮ್ ಕಟ್ಟಿದಾಗ ಮುಳುಗಿದ ಊರೊಂದಿತ್ತು. ನೀರು ತುಂಬಿದಾಗ ಏನೂ ಕಾಣುತ್ತಿರಲಿಲ್ಲ, ಇಳಿದಾಗ ಮನೆಗಳ ಬುನಾದಿ ಮೇಲೇಳುತ್ತಿತ್ತು. ಒಂದು ದಿನ ನನ್ನ ದೋಣಿಯ ಹೊಟ್ಟೆಗೆ ಕೆಳಗಿನಿಂದ ಏನೋ ಉಜ್ಜಿತು. ಉಗುರಿನಿಂದ ತಗಡು ಕೆರೆದ ಹಾಗೆ, ಉದ್ದಕ್ಕೆ. ಬಗ್ಗಿ ನೋಡಿದರೆ ಮೊಳದುದ್ದ ಕೆಳಗೆ ಒಂದು ಗೋಡೆಯ ತಲೆ. ತಮ್ಮ ಹಿಂದಿನ ದೋಣಿಯಿಂದ ಕೂಗಿ ಹೇಳಿದ: “ಹೆದರಬ್ಯಾಡಣ್ಣ, ಯಾರದೋ ಅಡಿಗಿ ಮನಿ ಇರಬೇಕು. ಊಟ ಆತೇನ್ರೀ ಅಂತ ಕೇಳು.” ಎಲ್ಲರೂ ನಕ್ಕರು. ನೀರು ಹೆಚ್ಚಿದ್ದಷ್ಟೂ ಒಳ್ಳೆಯದು, ಕಲ್ಲು ತಾಗುವುದಿಲ್ಲ, ನೀರು ತುಂಬಿದ್ದರೆ ಭಯವಿಲ್ಲ ಎಂಬ ಮಾತು ಅವತ್ತು ನಮ್ಮೊಳಗೆ ಇಳಿದಿರಬೇಕು. ಬರೀ ಅವತ್ತೇ ಅಲ್ಲ. ಡ್ಯಾಮ್ ತುಂಬಿತು ಎಂಬ ಸುದ್ದಿ ಬಂದರೆ ಮಿಠಾಯಿ ಹಂಚುವ ಸೀಮೆ ನಮ್ಮದು.

ಸಮುದ್ರಕ್ಕೆ ಹೋಗುವ ಮಾತು ತೆಗೆದವರು ಮಾಸ್ತರರು. ಕಾರವಾರದ ಕಡೆ ನದಿ ಸಮುದ್ರ ಸೇರುವ ಜಾಗದ ಎದುರಿಗೆ ಎರಡು ನಡುಗಡ್ಡೆಗಳಿದ್ದವು. ಹತ್ತಿರದ್ದು ದೊಡ್ಡದು. ದೂರದ್ದು ಸಣ್ಣದು, ಅಲ್ಲಿ ಜನವಿಲ್ಲ. ಶನಿವಾರ ಹೊರಡುವುದು, ರವಿವಾರ ಕಯಾಕಿನಲ್ಲಿ ಎರಡೂ ನಡುಗಡ್ಡೆ ನೋಡಿ ಬರುವುದು. ಯೋಜನೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. “ಸರ್ ಬರೀಲಿ, ಅವರ ಕೈ ಛಲೋ ಐತಿ,” ಎಂದು ಮೆಕ್ಯಾನಿಕ್ ಅಂದದ್ದು ಡೈರಿಯಲ್ಲಿದೆ. ಅದನ್ನು ಬರೆದುಕೊಂಡಿದ್ದೇನೆ ಎಂದರೆ ಹಿಗ್ಗಿದ್ದೆ ಎಂದೇ ಅರ್ಥ.

ಮಾಸ್ತರರ ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ ನಮ್ಮ ಸಭೆ. ಗಾಳಿ ಹೋದ ವಾಲಿಬಾಲುಗಳ ನಡುವೆ ಡೆಸ್ಕಿಗೆ ಆತುಕೊಂಡು ಕುಳಿತು ದಿನ ಹುಡುಕಿದೆವು. ಎಲ್ಲರಿಗೂ ಒಂದೇ ರವಿವಾರ ಹೊಂದುತ್ತಿರಲಿಲ್ಲ. ಕೊನೆಗೆ ದಾರಿ ತೋರಿಸಿದವನು ತಮ್ಮನೇ.

“ಎಳ್ಳಮಾಸಿ ಮುಗದ ಮ್ಯಾಲಿನ ಅಮಾಸಿ ರವಿವಾರ ಬಂದೈತಿ ನೋಡ್ರಿ. ಅಮಾಸಿ ದಿನ ಎತ್ತಿನ ಕೊಳ್ಳಿಗೆ ನೊಗ ಇಡೂದಿಲ್ಲ, ಆಳೂ ಬರೂದಿಲ್ಲ. ಕಡ್ಲಿ ಕೀಳೂದು ಮರುದಿನ ನೋಡಿದ್ರಾತು. ಆವತ್ತಾದ್ರ ನಾ ಖಾಲಿ.”

ಮೆಕ್ಯಾನಿಕ್ ಕುಣಿದೇಬಿಟ್ಟ. “ನಮ್ಮ ಗಿರಣಿನೂ ಅಮಾಸಿಗೆ ಬಂದ್. ಮಷೀನಿಗೆ ಪೂಜಾ ಮಾಡಿ ಸೇಠ ಮನಿಗೆ ಹೋಗಿಬಿಡ್ತಾನ.”

ನಮ್ಮ ಕಡೆ ಅಮಾವಾಸ್ಯೆ ಎಂದರೆ ದುಡಿಮೆ ನಿಲ್ಲುವ ದಿನ. ಎತ್ತು ಕಟ್ಟುವುದಿಲ್ಲ, ಬಿತ್ತುವುದಿಲ್ಲ, ಯಂತ್ರಕ್ಕೂ ವಿಶ್ರಾಂತಿ. ಚಂದ್ರನಿಗೂ ನೀರಿಗೂ ಏನೋ ಸಂಬಂಧ ಇದೆಯೆಂದು ನಾನು ಎಂಟನೆಯ ಇಯತ್ತೆಯಲ್ಲಿ ಓದಿ ಅಂಕ ತೆಗೆದುಕೊಂಡಿದ್ದೆ. ಆ ಕೋಣೆಯಲ್ಲಿ ಅದು ನನ್ನ ತಲೆಗೆ ಹೊಳೆಯಲಿಲ್ಲ. ಅವತ್ತಿನ ಡೈರಿ: ‘ಅಮಾವಾಸ್ಯೆ ಎಲ್ಲರಿಗೂ ಅನುಕೂಲ. ದಿನ ನಿಶ್ಚಯವಾಯಿತು.’

ಮಾರನೆಯ ದಿನ ಕಾರವಾರದ ಕಡೆ ಕಯಾಕ್ ಕೊಡುವವರಿಗೆ ನಾನೇ ಫೋನ್ ಮಾಡಿದೆ. ವಯಸ್ಸಾದ ದನಿ, ಹಿಂದೆ ಗಾಳಿಯ ಸದ್ದು.

“ಅಮಾಸೆ ದಿವ್ಸ ಬರ್ತ್ರಾ?” ಅಂದರು. “ಬನ್ನಿ, ಅಡ್ಡಿಲ್ಲ. ಆದ್ರೆ ಆವತ್ತು ನೀರು ಬಹಳ ಮೇಲೆ ಬರ್ತದೆ. ಹನ್ನೊಂದು ಹನ್ನೊಂದೂವರೆಗೆ ಪೂರ್ತಿ ತುಂಬಿ, ಮತ್ತೆ ಇಳಿಲಿಕ್ಕೆ ಸುರು. ಬೇರೆ ದಿವ್ಸದ ಹಾಗಲ್ಲ ಅದು. ಹನ್ನೆರಡರ ಒಳಗೆ ದಡಕ್ಕೆ ಬಂದುಬಿಡಿ.”

ಅವರು ಹೀಗೆ ಹೇಳಿದರು ಎಂದು ನನಗೆ ನೆನಪಿದೆ. ಡೈರಿಯಲ್ಲಿ ಇರುವುದು ಇಷ್ಟೇ: ‘ದೋಣಿಯವರ ಜೊತೆ ಮಾತಾಯಿತು. ಅಮಾವಾಸ್ಯೆಗೆ ನೀರು ಹೆಚ್ಚಂತೆ.’ ಹನ್ನೆರಡು ಎಂಬ ಅಂಕಿ ಎಲ್ಲೂ ಇಲ್ಲ. ಅದನ್ನು ಅವರು ಆ ದಿನ ಹೇಳಿದರೋ, ಎಲ್ಲ ಮುಗಿದ ಮೇಲೆ ಬೈಯುವಾಗ ಹೇಳಿದ್ದನ್ನು ನಾನು ಹಿಂದಕ್ಕೆ ಒಯ್ದು ಜೋಡಿಸಿಕೊಂಡಿದ್ದೇನೋ, ಪ್ರಮಾಣ ಮಾಡಿ ಹೇಳಲಾರೆ. ನೀರು ಇಳಿಯುತ್ತದೆ ಎಂದದ್ದನ್ನು ಮಾತ್ರ ಮುಂದಿನ ಸಭೆಯಲ್ಲಿ ನಾನು ಎಲ್ಲರಿಗೂ ತಿಳಿಸಿದೆ. ಅದಕ್ಕೆ ನರ್ಸಕ್ಕನೇ ಸಾಕ್ಷಿ.

“ತುಂಬಿದ್ರ ಛಲೋನ ಆತು,” ಎಂದ ಮೆಕ್ಯಾನಿಕ್. “ಕಲ್ಲು ತಾಗೂದಿಲ್ಲ.”

ನರ್ಸಕ್ಕ ಕೇಳಿದರು: “ತುಂಬಿದ ನೀರು ಇಳಿಯೂದು ಎಷ್ಟೊತ್ತಿಗೆ? ಎಷ್ಟ ಜೋರು?”

“ಇಳದ್ರ ಇಳೀಲಿ ಬಿಡಕ್ಕ,” ಎಂದರು ಮಾಸ್ತರರು. “ಗೇಟ್ ತಗದ್ರೂ ಡ್ಯಾಮ್ ಖಾಲಿ ಆಗಾಕ ತಿಂಗಳಗಟ್ಟಲೆ ಬೇಕು. ಅದು ಸಮುದ್ರ. ಒಂದ ಮಧ್ಯಾಹ್ನದಾಗ ಎಲ್ಲಿ ಹೋಗತೈತಿ?”

ಶಿಬಿರದಲ್ಲಿ ಹತ್ತು ದಿನ ಇದ್ದವರು ಹಾಗೆ ಹೇಳಿದ ಮೇಲೆ ನಾವು ಒಪ್ಪಿಕೊಂಡೆವು. ಆ ಶಿಬಿರ ನಡೆದದ್ದು ಒಂದು ಕಟ್ಟಿದ ಕೆರೆಯಲ್ಲಿ, ಸಮುದ್ರಕ್ಕೆ ಅವರನ್ನು ಒಂದೇ ಒಂದು ಬೆಳಿಗ್ಗೆ ಕರೆದೊಯ್ದಿದ್ದರು ಎಂಬುದು ನಮಗೆ ಆಮೇಲೆ ತಿಳಿಯಿತು. ಏಳನೆಯ ಪುಟದಲ್ಲಿ ನಾನು ಬರೆದೆ: ‘೯ ಗಂಟೆ, ಹೊರಡುವುದು. ೧೧, ದೂರದ ನಡುಗಡ್ಡೆ. ೧, ಊಟ, ವಿಶ್ರಾಂತಿ. ೨.೩೦, ವಾಪಸ್.’ ಹೊಲದಲ್ಲಿ ಬುತ್ತಿ ಉಂಡು ಗಿಡದ ನೆರಳಿಗೆ ಅಡ್ಡಾಗುವವರ ವೇಳಾಪಟ್ಟಿ.

ಆ ಸಭೆಯಲ್ಲೇ ಈಜಿನ ಮಾತು ಬಂತು. ಎಲ್ಲರಿಗೂ ಬರುತ್ತದೆ ಎಂದು ಮಾಸ್ತರರು ತೇಲಿಸಿಬಿಡುವುದರಲ್ಲಿದ್ದರು. ನರ್ಸಕ್ಕ ಬಿಡಲಿಲ್ಲ.

“ಬ್ಯಾಸಗಿ ಬಂದ್ರ ನಮ್ಮ ದವಾಖಾನಿಗೆ ಕೆರಿಯಿಂದ, ಕಾಲುವಿಯಿಂದ ತರ್ತಾರ. ಪ್ರತಿ ಸಲ ಮನಿಯವ್ರು ಹೇಳೂದು ಒಂದ ಮಾತು. ಅವಗ ಈಸಾಕ ಭಾಳ ಛಲೋ ಬರತಿತ್ರೀ ಅಂತ. ಬರೂದಿಲ್ಲ ಅಂದವರ ಹೆಣ ನಾ ಇನ್ನೂ ನೋಡಿಲ್ಲ.”

ಅವರೇ ನಿಯಮ ಹಾಕಿದರು: ಜಾಕೆಟ್ ಇಲ್ಲದೆ ಐವತ್ತು ಮೀಟರ್ ಈಜಬೇಕು. ಆಮೇಲೆ ಏನನ್ನೂ ಹಿಡಿಯದೆ ಹತ್ತು ನಿಮಿಷ ನೀರಿನ ಮೇಲೆ ಇರಬೇಕು. ಆದವರ ಹೆಸರಿನ ಮುಂದೆ ಮಾತ್ರ ಬರೆಯಬೇಕು. ಮುಂದಿನ ರವಿವಾರ ಹಿನ್ನೀರಿನಲ್ಲಿ ನಾವು ನಾಲ್ವರು ಆ ಪರೀಕ್ಷೆ ಮಾಡಿದೆವು. ತಮ್ಮ ಬಂದಿರಲಿಲ್ಲ. ಅವತ್ತು ಹೊಲದ ಲೈನಿಗೆ ಬೆಳಿಗ್ಗೆಯೇ ಕರೆಂಟ್ ಬಂದಿತ್ತು, ನೀರು ಹಾಯಿಸುವುದು ಬಿಟ್ಟು ಬರುವಂತಿರಲಿಲ್ಲ.

“ಅವನದು ನಾ ಊರಾಗ ನೋಡ್ತೀನ್ರಿ,” ಅಂದೆ ನಾನು. “ನಮ್ಮ ಭಾವಿ ಐತಲ್ಲ.”

ನಮ್ಮ ಬಾವಿ ಬೇವೂರಿನ ಹೊಲದ ಮೂಲೆಯಲ್ಲಿ, ಕಲ್ಲು ಕಟ್ಟಿದ್ದು, ಚೌಕಾಗಿರುವುದು. ನಾವಿಬ್ಬರೂ ಈಜು ಕಲಿತದ್ದು ಅಲ್ಲೇ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಅಪ್ಪ ಮೇಲಿನಿಂದ ನೂಕುತ್ತಿದ್ದ. ಮುಳುಗಿ ಎದ್ದು ಕೈಕಾಲು ಬಡಿಯುವಾಗ ಮೆಟ್ಟಿಲ ಮೇಲೆ ನಿಂತು ಒಂದೇ ಸಮನೆ ಕೂಗುತ್ತಿದ್ದ: “ಗ್ವಾಡಿ ಹಿಡಿ! ಗ್ವಾಡಿಗೆ ಬಾ!” ಬಾವಿಯಲ್ಲಿ ಯಾವ ದಿಕ್ಕಿಗೆ ಹೋದರೂ ಐದಾರು ಮಾರಿಗೆ ಗೋಡೆ ಸಿಗುತ್ತದೆ. ನಮ್ಮ ಕಡೆಯ ಈಜು ಎಂದರೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗುವುದು. ನಾನು ಧಾರವಾಡಕ್ಕೆ ಹೋಗಿ ಅಲ್ಲಿಯ ಈಜುಕೊಳದಲ್ಲಿ ಬೇರೆ ಥರ ಕಲಿತೆ. ತಮ್ಮ ಊರಲ್ಲೇ ಉಳಿದ.

ಶನಿವಾರ ಸಂಜೆ ಬಿಸಿಲಿರುವಾಗಲೇ ಹೋದೆವು. ಅವನು ಮೇಲಿನಿಂದ ಜಿಗಿದ. ಎದುರಿನ ಗೋಡೆಗೆ ಹೋದ, ಎರಡೂ ಕಾಲಿನಿಂದ ಒದ್ದ, ಬಾಣದ ಹಾಗೆ ಈಚೆಗೆ ಬಂದ, ಇಲ್ಲಿಯ ಗೋಡೆಗೆ ಒದ್ದ. ಅರ್ಧ ದೂರ ಒದೆತದಲ್ಲೇ ಮುಗಿಯುತ್ತಿತ್ತು. ನಾನು ಮೆಟ್ಟಿಲ ಮೇಲೆ ಕುಳಿತು ಸುತ್ತು ಎಣಿಸಿದೆ.

“ಇನ್ನ ಎಷ್ಟಣ್ಣ?”

“ಆತು, ಐವತ್ತು ಮೀಟರ್ ಆತು.”

“ಮುಂದ?”

“ಹತ್ತ ನಿಮಿಷ ಸುಮ್ನ ಮ್ಯಾಲ ಇರಬೇಕು.”

ಅವನು ಪಂಪಿನ ಪೈಪನ್ನು ಒಂದು ಕೈಯಿಂದ ಹಿಡಿದುಕೊಂಡು ನನ್ನನ್ನು ನೋಡಿ ಹಲ್ಲು ಕಿಸಿದ. “ಇದನ್ನ ಹಿಡಕೊಂಡ್ರ ನಡೀತೈತೇನು? ನಿಮ್ಮ ನರ್ಸಕ್ಕಗ ಹೇಳಬ್ಯಾಡ.”

ನಾನು ನಕ್ಕೆ. ನಕ್ಕದ್ದು ನೆನಪಿದೆ. ಡೈರಿಯಲ್ಲಿ ‘ತಮ್ಮನ ಪರೀಕ್ಷೆ ಬಾವಿಯಲ್ಲಿ ಮುಗಿಯಿತು. ಬೆಳ್ಳಕ್ಕಿ ಸಾಲಾಗಿ ಹೋದವು’ ಎಂದಿದೆ. ಪೈಪಿನ ಸುದ್ದಿ ಇಲ್ಲ. ತಮ್ಮ ಹೇಳುವ ಪ್ರಕಾರ ಅವನು ಇನ್ನೊಂದು ಮಾತನ್ನೂ ಆಡಿದ್ದ, ಪೈಪ್ ಹಿಡಿದುಕೊಂಡೇ, ನಗು ನಿಲ್ಲಿಸಿ. “ಅಣ್ಣಾ, ಖರೇ ಹೇಳ್ತೀನಿ, ನಡುವ ನಿಂದ್ರಾಕ ನನಗ ಆಗೂದಿಲ್ಲ.” ಅದು ನನಗೆ ನೆನಪಿಲ್ಲ. ಎಷ್ಟು ಸಲ ಆ ಮೆಟ್ಟಿಲ ಮೇಲೆ ಮನಸ್ಸಿನಲ್ಲಿ ಹೋಗಿ ಕುಳಿತರೂ ಆ ಮಾತು ಕೇಳಿಸುವುದಿಲ್ಲ. ಅವನು ಸುಳ್ಳು ಹೇಳುವವನಲ್ಲ.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ಕೇಳಿ ಕೈ ನಿಲ್ಲಿಸದೆ ಅಂದಳು: “ಕುಡಿಯಾಕ ನೀರಿಲ್ಲಂತ ನಾವು ಟ್ಯಾಂಕರ್ ಕಾಯ್ತೀವಿ. ನೀವು ನೀರು ಹುಡುಕ್ಕೊಂಡು ಕಾರವಾರಕ್ಕ ಹೊಂಟೀರಿ. ತಲಿ ಎಲ್ಲಿ ಇಟ್ಟೀರಿ?”

“ಅಣ್ಣ ಬರತಾನ ಬೇ,” ಎಂದ ತಮ್ಮ.

ಅವ್ವ ನನ್ನನ್ನು ನೋಡಿದಳು. “ಕಲಿತಾಂವ ನೀನು. ಇಂವಗ ಹೊಲ ಒಂದ ಗೊತ್ತು. ನೋಡ್ಕೋ.”

ಹೊರಡುವ ಹಿಂದಿನ ವಾರ ಎರಡು ಸಲ ನೋಟ್‌ಬುಕ್ ತೆರೆದು ಮೂರನೆಯ ಪುಟ ನೋಡಿದೆ ಎಂದು ಡೈರಿಯಲ್ಲಿದೆ. ಯಾಕೆ ನೋಡಿದೆ ಎಂದು ಬರೆದಿಲ್ಲ. ನರ್ಸಕ್ಕನಿಗೆ ಫೋನ್ ಮಾಡಿ ಪೈಪಿನ ವಿಷಯ ಹೇಳಬಹುದಿತ್ತು. ಹೇಳಿದರೆ ಅವರು ನನ್ನ ತಮ್ಮನನ್ನು ದಡದಲ್ಲೇ ಬಿಡುತ್ತಾರೆ, ಗಾಡಿ ಅವನದು, ದಿನ ಅವನು ಹುಡುಕಿದ್ದು, ಅವನ ಮುಖ ಹೇಗಾಗುತ್ತದೆ ಎಂದು ಯೋಚಿಸಿದೆ. ಜಾಕೆಟ್ ಇರುತ್ತದಲ್ಲ ಎಂದೂ ಯೋಚಿಸಿದೆ.

ಶನಿವಾರ ಅವನ ಗಾಡಿಯಲ್ಲೇ ಹೋದೆವು. ಮುಂದೆ ಇಬ್ಬರು, ಹಿಂದೆ ತಾಡಪಾಲಿನ ಕೆಳಗೆ ಮೂವರು ಸರದಿಯ ಮೇಲೆ. ಘಟ್ಟ ಇಳಿಯುವಾಗ ಮೆಕ್ಯಾನಿಕ್ ವಾಂತಿ ಮಾಡಿಕೊಂಡು, “ಸಮುದ್ರ ಇನ್ನೂ ಬಂದಿಲ್ಲ, ನಾ ಆಗಲೇ ಮುಳುಗಿದೆ,” ಎಂದ. ಅದು ನಾವು ನಕ್ಕ ಕೊನೆಯ ಮಾತು ಎಂದು ನನಗೆ ಅನ್ನಿಸುತ್ತದೆ. ಬಹುಶಃ ಅಲ್ಲ. ಆಮೇಲೂ ನಕ್ಕಿರಬೇಕು.

ಬೆಳಿಗ್ಗೆ ದಡದಲ್ಲಿ ದೋಣಿಯವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಇಬ್ಬರು ಕೂರುವ ಎರಡು ಕಯಾಕ್, ಒಬ್ಬರು ಕೂರುವುದು ಒಂದು. ನೀರು ಆಗಲೇ ದಂಡೆಯ ಗಿಡಗಳ ಬೇರು ಮುಟ್ಟುತ್ತಿತ್ತು, ಇನ್ನೂ ಏರುತ್ತಿತ್ತು. ತುಂಬಿದ, ಅಲುಗದ, ಎಣ್ಣೆಯಂಥ ನೀರು. ನಮ್ಮ ಹಿನ್ನೀರಿನ ಹಾಗೇ ಕಂಡಿತು.

“ಎಲ್ಲರಿಗೂ ಈಜು ಬರ್ತದಲ್ಲ?” ಎಂದು ದೋಣಿಯವರು ಕೇಳಿದರು.

ನಾನು ನೋಟ್‌ಬುಕ್ ತೆರೆದು ಮೂರನೆಯ ಪುಟ ತೋರಿಸಿದೆ. ಅವರು ಕನ್ನಡಕ ಇಲ್ಲದೆ ಕಣ್ಣು ಕಿರಿದು ಮಾಡಿ ನೋಡಿ, ತಲೆಯಾಡಿಸಿದರು. ತಮ್ಮ ನನ್ನ ಪಕ್ಕದಲ್ಲಿ ಜಾಕೆಟ್ಟಿನ ಪಟ್ಟಿ ಬಿಗಿಯುತ್ತಿದ್ದ. ಅವನ ಕೈ ನಿಂತದ್ದು ನನಗೆ ಕಂಡಿತು. ತಲೆ ಎತ್ತಲಿಲ್ಲ.

“ಹೊತ್ತು ನೆನಪದೆ ಅಲ್ವಾ?” ಎಂದರು ಅವರು.

“ಐತ್ರಿ,” ಅಂದೆ. ನೋಟ್‌ಬುಕ್ಕನ್ನು ಗಾಡಿಯಲ್ಲಿಟ್ಟು ಬಂದೆ.

ಹೋಗುವಾಗ ನೀರು ನಿಂತಂತಿತ್ತು, ಹುಟ್ಟು ಹಾಕುವುದು ಸುಲಭವಾಗಿತ್ತು. ನಾನು ಮುಂದೆ, ತಮ್ಮ ಹಿಂದೆ. ದೊಡ್ಡ ನಡುಗಡ್ಡೆಯನ್ನು ಬಳಸಿ ಸಣ್ಣದಕ್ಕೆ ಹೋಗಿ ಮುಟ್ಟಿದಾಗ ಹನ್ನೊಂದಾಗಿರಲಿಲ್ಲ. ದೋಣಿಗಳನ್ನು ನೀರಿನ ಅಂಚಿಗೆ ಎಳೆದಿಟ್ಟು, ಕಲ್ಲಿನ ನೆರಳಿನಲ್ಲಿ ಕುಳಿತೆವು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಉಂಡು ಮಾಸ್ತರರು ಟೊಪ್ಪಿಗೆ ಮುಖದ ಮೇಲೆ ಹಾಕಿಕೊಂಡು ಮಲಗಿದರು. ಏಳನೆಯ ಪುಟದಲ್ಲಿ ಬರೆದ ಹಾಗೇ ಎಲ್ಲವೂ ನಡೆಯಿತು.

ಎರಡು ಗಂಟೆಗೆ ನರ್ಸಕ್ಕ ಎದ್ದು ನಿಂತು, “ನೀರು ಎಲ್ಲಿ ಹೋತು?” ಅಂದರು.

ದೋಣಿಗಳು ಪಾಚಿಗಟ್ಟಿದ ಬಂಡೆಗಳ ಮೇಲೆ ಒಣಗಿ ಬಿದ್ದಿದ್ದವು. ನೀರು ಬಹಳ ಕೆಳಗೆ, ಬಹಳ ಆಚೆಗೆ ಇತ್ತು. ಬೆಳಿಗ್ಗೆ ಕಾಣದಿದ್ದ ಕಪ್ಪು ಕಲ್ಲುಗಳು ಸುತ್ತ ಎದ್ದಿದ್ದವು, ಮುಳುಗಿದ ಊರಿನ ಗೋಡೆಗಳ ಹಾಗೆ. ಅವುಗಳ ನಡುವೆ ನೀರು ಸದ್ದು ಮಾಡುತ್ತ ಹೊರಗೆ, ಸಮುದ್ರದ ಕಡೆಗೆ, ಕಾಲುವೆಯ ಹಾಗೆ ಹರಿಯುತ್ತಿತ್ತು. ಮಾಸ್ತರರು ಅದನ್ನು ನೋಡುತ್ತ ನಿಂತರು. ಅವರ ಮುಖದಲ್ಲಿ ಕಂಡದ್ದನ್ನು ನಾನು ಡೈರಿಯಲ್ಲಿ ಬರೆದಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಕಾಯಬೇಕಿತ್ತು. ನೀರು ಮತ್ತೆ ಬರುವವರೆಗೆ ಆ ಕಲ್ಲಿನ ಮೇಲೆ ಕುಳಿತಿದ್ದರೆ ಸಾಕಿತ್ತು. ಇನ್ನೂ ಹೊತ್ತಾದರೆ ನೀರು ಇನ್ನೂ ದೂರ ಹೋಗಬಹುದು ಎಂದು ನಾವು ಹೆದರಿದೆವು. ಇಳಿಯಲು ಶುರುವಾದ ನೀರು ನಮ್ಮ ಅನುಭವದಲ್ಲಿ ಮಳೆಗಾಲದವರೆಗೆ ತಿರುಗಿ ಬರುವುದಿಲ್ಲ.

ದೋಣಿಗಳನ್ನು ಹೊತ್ತು ಇಳಿಸಿ ಹೊರಟೆವು. ಎರಡು ನಡುಗಡ್ಡೆಗಳ ನಡುವೆ ಬಂದಾಗ ನಮ್ಮ ದೋಣಿಯ ಮೂತಿ ಒಮ್ಮೆಲೆ ಸಮುದ್ರದ ಕಡೆ ತಿರುಗಿತು. ತಿರುಗಿಸಲು ಇಬ್ಬರೂ ಒಂದೇ ಕಡೆಗೆ ಹುಟ್ಟು ಹಾಕಿದೆವು. ಅಡ್ಡಲಾಗಿ ಒಂದು ಅಲೆ ಬಂತು. ಅಷ್ಟೇ.

ನೀರಿನಿಂದ ತಲೆ ಎತ್ತಿದಾಗ ದೋಣಿ ಬೋರಲಾಗಿ ನನ್ನ ಕೈಗೆ ಹತ್ತಿರ ಇತ್ತು. ಹಿಡಿದುಕೊಂಡೆ. ಹಿನ್ನೀರಿನಲ್ಲಿ ಮಾಸ್ತರರು ನೂರು ಸಲ ಹೇಳಿದ್ದರು: ಏನಾದರೂ ಆಗಲಿ, ದೋಣಿ ಬಿಡಬೇಡಿ. ತಮ್ಮ ಇನ್ನೊಂದು ಬದಿಯಲ್ಲಿ ಎದ್ದ. ಊಟದ ನಂತರ ಸೆಕೆ ಎಂದು ಜಾಕೆಟ್ಟಿನ ಪಟ್ಟಿ ಸಡಿಲ ಬಿಟ್ಟಿದ್ದನೆಂದು ಕಾಣುತ್ತದೆ, ಅದು ಅವನ ಕಿವಿಯವರೆಗೆ ಏರಿತ್ತು. ಅವನು ದೋಣಿಯನ್ನು ನೋಡಲಿಲ್ಲ. ಸಣ್ಣ ನಡುಗಡ್ಡೆಯ ಕಲ್ಲಿನ ಗೋಡೆ ಬಾವಿಯ ಗೋಡೆಯಷ್ಟೇ ಹತ್ತಿರ ಕಾಣುತ್ತಿತ್ತು. ಅವನು ಅದಕ್ಕೆ ಮುಖ ಮಾಡಿ ಈಜತೊಡಗಿದ.

ನಾನು ಕೂಗಿದೆ. ಏನು ಕೂಗಿದೆನೋ ಗೊತ್ತಿಲ್ಲ. ಅವನು ಕೈ ಹಾಕುತ್ತಲೇ ಇದ್ದ, ಕಲ್ಲು ದೂರವಾಗುತ್ತಲೇ ಇತ್ತು. ಅವನ ಜಾಕೆಟ್ಟಿನ ಕೇಸರಿ ಬಣ್ಣ ನಡುಗಡ್ಡೆಯ ಅಂಚು ದಾಟಿ ಆಚೆ ಹೋಯಿತು. ಆಚೆ ಬರೀ ಸಮುದ್ರ. ಅಲೆ ಏರಿದಾಗ ಕಾಣುತ್ತಿತ್ತು, ಇಳಿದಾಗ ಇಲ್ಲ. ಆಮೇಲೆ ಏರಿದಾಗಲೂ ಇಲ್ಲ.

ಹನ್ನೆರಡಾದರೂ ನಾವು ಬಾರದ್ದನ್ನು ಕಂಡು ದೋಣಿಯವರು ದಡದಲ್ಲಿ ಕಾದು, ಒಂದು ಗಂಟೆಗೆ ಮೋಟಾರ್ ದೋಣಿ ಹೊಂದಿಸಲು ಓಡಿದ್ದರಂತೆ. ಅದು ಸಿಕ್ಕು ಅವರು ಬಂದದ್ದು ನಮ್ಮ ದೋಣಿ ಮಗುಚಿದ ಇಪ್ಪತ್ತು ನಿಮಿಷಕ್ಕೆ ಎಂದು ಡೈರಿಯಲ್ಲಿದೆ. ಮಾಸ್ತರರು ನಲವತ್ತು ಎನ್ನುತ್ತಾರೆ. ಮೊದಲು ನನ್ನನ್ನು ಎತ್ತಲು ಬಂದರು, ನಾನು ಕೈ ತೋರಿಸಿದೆ, ತಿರುಗಿ ಹೋದರು. ಸಣ್ಣ ನಡುಗಡ್ಡೆಯ ಹಿಂದೆ, ಬಹಳ ಆಚೆ, ಅವನನ್ನು ಎಳೆದು ಹಾಕಿಕೊಂಡರು. ಆಮೇಲೆ ನನ್ನನ್ನು. ಉಳಿದ ಮೂವರು ದೊಡ್ಡ ನಡುಗಡ್ಡೆಯ ಮರಳಿಗೆ ಹೇಗೋ ಹತ್ತಿಕೊಂಡಿದ್ದರು.

ಮೋಟಾರ್ ದೋಣಿಯ ತಳದಲ್ಲಿ ತಮ್ಮ ಮಲಗಿದ್ದ. ತುಟಿ ನೀಲಿಗಟ್ಟಿತ್ತು. ದೋಣಿ ಆ ಮರಳಿಗೆ ಮುಟ್ಟಿದಾಗ ನರ್ಸಕ್ಕ ಹತ್ತಿ ಬಂದವರೇ ಅವನನ್ನು ಮಗ್ಗುಲಿಗೆ ತಿರುಗಿಸಿ ಬೆನ್ನು ಬಡಿದರು, ನೀರು ಕಕ್ಕಿಸಿದರು. ಬಹಳ ಹೊತ್ತಿನ ಮೇಲೆ ಅವನು ಕಣ್ಣು ತೆರೆದು ನನ್ನ ಕಡೆ ನೋಡಿ ಹೇಳಿದ: “ಗ್ವಾಡಿ ಸಿಗಲಿಲ್ಲಣ್ಣ. ಹಿಂದ ಹಿಂದ ಸರೀತು.”

ನರ್ಸಕ್ಕನಿಗೆ ಆ ಮಾತು ಅರ್ಥವಾಯಿತು. ಅವರು ನನ್ನನ್ನು ನೋಡಿದ ರೀತಿಯಲ್ಲೇ ತಿಳಿಯಿತು. ಕುಷ್ಟಗಿಗೆ ಹೋದ ಮೇಲೆ ಅವರು ನನ್ನೊಂದಿಗೆ ಮಾತಾಡಿದ್ದು ಕಡಿಮೆ.

ಅವ್ವನಿಗೆ ನಾವು ಯಾರೂ ಹೇಳಲಿಲ್ಲ. ತಮ್ಮ ನಾಲ್ಕು ದಿನಕ್ಕೆ ಕಡಲೆ ಕೀಳಲು ಹೋದ. ಆಮೇಲೆ ಅವನು ಬಾವಿಗೂ ಇಳಿಯಲಿಲ್ಲ. ಪಂಪಿನ ಬುಡದ ಕಸ ತೆಗೆಯಬೇಕಾದಾಗ ಬೇರೆಯವರನ್ನು ಕರೆಸುತ್ತಿದ್ದ. ನನ್ನ ಜೊತೆ ಬೆಳೆಯ ಮಾತು, ಮಳೆಯ ಮಾತು ಎಲ್ಲ ಆಡುತ್ತಿದ್ದ. ಒಂದು ವರ್ಷದ ಮೇಲೆ, ಏನೂ ಸಂಬಂಧವಿಲ್ಲದ ಹೊತ್ತಿನಲ್ಲಿ, ಬದುವಿನ ಮೇಲೆ ನಡೆಯುತ್ತ, “ನಾ ಭಾವ್ಯಾಗ ನಿನಗ ಹೇಳಿದ್ನಲ್ಲ, ನಡುವ ಆಗೂದಿಲ್ಲಂತ,” ಅಂದ. ಆಗಲೇ ನಾನು ಆ ಮಾತನ್ನು ಮೊದಲ ಸಲ ಕೇಳಿದ್ದು. ಎರಡನೆಯ ಸಲವೂ ಇರಬಹುದು.

ಅವತ್ತು ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಮೂರನೆಯ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಐದು ಹೆಸರುಗಳನ್ನು ನಾನು ಸಭೆಯ ದಿನವೇ ಕಪ್ಪು ಪೆನ್ನಿನಿಂದ ಬರೆದಿದ್ದೆ. ಮೊದಲ ನಾಲ್ಕರ ಮುಂದೆ ‘ಈಜು ಬರುತ್ತದೆ’ ಎಂದಿರುವುದು ನೀಲಿ ಪೆನ್ನಿನಲ್ಲಿ, ಹಿನ್ನೀರಿನ ದಂಡೆಯಲ್ಲಿ, ಒದ್ದೆ ಬೆರಳಿನ ಕಲೆಯೊಂದಿಗೆ. ಐದನೆಯದರ ಮುಂದೆ ಇರುವುದು ಹೆಸರು ಬರೆದ ಅದೇ ಕಪ್ಪು ಪೆನ್ನಿನಲ್ಲಿ. ಅಂದರೆ ನಾನು ಅದನ್ನು ಬಾವಿಗೆ ಹೋಗುವ ಮೊದಲೇ ಬರೆದಿದ್ದೆ. ಅಥವಾ ಬಾವಿಗೆ ಹೋದ ದಿನ ನನ್ನ ಜೇಬಿನಲ್ಲಿ ಮತ್ತೆ ಕಪ್ಪು ಪೆನ್ನೇ ಇತ್ತು. ಎರಡನೆಯದು ನ್ಯಾಯವಾದ ಸಂಶಯ. ಆದರೆ ಆ ತಿಂಗಳ ಡೈರಿಯ ಪುಟಗಳೆಲ್ಲ ನೀಲಿಯಲ್ಲಿವೆ.

ಇದನ್ನು ಅವನಿಗೆ ತೋರಿಸಬೇಕೆಂದು ಬಹಳ ಸಲ ಅಂದುಕೊಂಡೆ. ತೋರಿಸಿಲ್ಲ.

ಹೋದ ವರ್ಷ ಅವನು ಮಗಳ ಶಾಲೆಯ ಒಂದು ಕಾಗದ ಹಿಡಿದುಕೊಂಡು ಕೊಪ್ಪಳಕ್ಕೆ ಬಂದ. ಹುಡುಗಿ ನಾಲ್ಕನೆಯ ಇಯತ್ತೆ. ಶಾಲೆಯಿಂದ ಪ್ರವಾಸಕ್ಕೆ ಕರೆದೊಯ್ಯುತ್ತಾರಂತೆ, ಕೆರೆಯಲ್ಲಿ ದೋಣಿವಿಹಾರವೂ ಇದೆಯಂತೆ. ಪಾಲಕರ ಒಪ್ಪಿಗೆಯ ಕಾಗದದಲ್ಲಿ ಒಂದು ಸಾಲು: ಮಗುವಿಗೆ ಈಜು ಬರುತ್ತದೆಯೇ?

ಅವನು ಕಾಗದವನ್ನು ನನ್ನ ಮುಂದೆ ಮೇಜಿನ ಮೇಲಿಟ್ಟ. ಜೇಬಿನಿಂದ ಪೆನ್ನು ತೆಗೆದು ಅದರ ಮೇಲಿಟ್ಟ.

“ನೀನ ಬರಿ,” ಅಂದ. “ನಿನ್ನ ಕೈ ಛಲೋ ಐತಿ.”

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು. ಹುಡುಗಿ ಬಾವಿಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕುಳಿತದ್ದನ್ನು ನೋಡಿದ್ದೇನೆ. ಇಳಿದದ್ದನ್ನು ನೋಡಿಲ್ಲ. ಪೆನ್ನು ತೆಗೆದುಕೊಂಡೆ. ಆಮೇಲೆ ಆ ಸಾಲಿನ ಮುಂದೆ ‘ಗೊತ್ತಿಲ್ಲ’ ಎಂದು ಬರೆದೆ.

ಅವನು ಕಾಗದ ತಿರುಗಿಸಿಕೊಂಡು ಓದಿದ. ಒಂದೇ ಶಬ್ದವಾದರೂ ಓದಲು ಹೊತ್ತು ತೆಗೆದುಕೊಂಡ. ಪೆನ್ನು ತೆಗೆದುಕೊಂಡು ಅದರ ಕೆಳಗೆ ತನ್ನ ಸಹಿ ಮಾಡಿದ. ಕಾಗದ ಮಡಚಿ ಜೇಬಿಗಿಟ್ಟುಕೊಳ್ಳುತ್ತ, “ಚಹಾ ಮಾಡಸು,” ಅಂದ. “ಬಸ್ಸಿಗೆ ಇನ್ನೂ ಹೊತ್ತೈತಿ.”